ಹೊಡೆದಾಟಕ್ಕೆ ಮುಂಚಿನ ಬಟ್ಟಲು

ನಮಸ್ಕಾರ. ಇವತ್ತು ನೇರವಾಗಿ ಚೀನಾದ ಒಂದು ಕತ್ತಿವರಸೆಯ ಧಾರಾವಾಹಿಯ ದೃಶ್ಯಕ್ಕೇ ಹೋಗೋಣ.

ದೊಡ್ಡ ಮನೆ. ಒಳಗೆ ನೂರಾರು ಜನ ಕತ್ತಿ, ಕೋಲು, ಕೊಡಲಿ ಇಟ್ಟುಕೊಂಡು ಕೂತಿದ್ದಾರೆ. ಒಬ್ಬನೇ ಒಬ್ಬ ಮನುಷ್ಯನನ್ನು ಮುಗಿಸುವುದು ಹೇಗೆ ಅಂತ ಮಾತಾಡಲು ಇಷ್ಟೂ ಜನ ಸೇರಿದ್ದಾರೆ. ಅಷ್ಟರಲ್ಲಿ ಬಾಗಿಲಲ್ಲಿ ಒಂದು ಗಾಡಿ ಬಂದು ನಿಲ್ಲುತ್ತದೆ. ಬಂದವನು ಅವನೇ. ಜೊತೆಗೆ ಪೆಟ್ಟು ತಿಂದು ಸಾಯುವ ಸ್ಥಿತಿಯಲ್ಲಿರುವ ಒಬ್ಬ ಹುಡುಗಿ. ಆ ಸಭೆಯಲ್ಲಿ ದೊಡ್ಡ ವೈದ್ಯನೊಬ್ಬ ಇದ್ದಾನೆ. ಅವನ ಕೈಯಿಂದ ಈ ಹುಡುಗಿ ಉಳಿಯಬೇಕು, ಅಷ್ಟೇ ಇವನ ಆಸೆ. ಆಕೆ ಇವನಿಗೆ ಹೆಂಡತಿಯಲ್ಲ, ತಂಗಿಯಲ್ಲ. ಸರಿಯಾಗಿ ಪರಿಚಯವಾಗಿಯೇ ಹೆಚ್ಚು ದಿನ ಆಗಿಲ್ಲ.

ಸಭೆಯಲ್ಲಿ ಕೂತವರಲ್ಲಿ ಎಷ್ಟೋ ಜನ ನಿನ್ನೆ ಮೊನ್ನೆಯವರೆಗೂ ಇವನ ಗೆಳೆಯರು. ಇವನು ಕುಡಿಯಲು ಮದ್ಯ ಕೇಳುತ್ತಾನೆ. ದೊಡ್ಡ ಬಟ್ಟಲು ಬೇಕು ಅನ್ನುತ್ತಾನೆ. 'ನನ್ನನ್ನು ಕೊಲ್ಲಬೇಕು ಅನ್ನುವ ಹಳೆಯ ಸ್ನೇಹಿತರು ಒಬ್ಬೊಬ್ಬರಾಗಿ ಬನ್ನಿ, ನನ್ನ ಜೊತೆ ಒಂದು ಬಟ್ಟಲು ಕುಡಿಯಿರಿ. ಅಲ್ಲಿಗೆ ನಮ್ಮ ಋಣ ಮುಗಿಯಿತು. ಆಮೇಲೆ ನೀವು ನನ್ನನ್ನು ಕೊಂದರೂ ನೀವು ಕೃತಘ್ನರಲ್ಲ, ನಾನು ನಿಮ್ಮನ್ನು ಕೊಂದರೂ ನಾನು ದ್ರೋಹಿಯಲ್ಲ.' ಮಾತಿನ ಸಾರ ಇಷ್ಟು. ಒಬ್ಬೊಬ್ಬರೇ ಬರುತ್ತಾರೆ, ಕುಡಿಯುತ್ತಾರೆ, ಹಿಂದೆ ಸರಿದು ಆಯುಧದ ಹತ್ತಿರ ನಿಲ್ಲುತ್ತಾರೆ. ಬಟ್ಟಲುಗಳ ಲೆಕ್ಕ ಹತ್ತಾಗುತ್ತದೆ, ಇಪ್ಪತ್ತಾಗುತ್ತದೆ, ಇನ್ನೂ ಮೇಲೆ ಹೋಗುತ್ತದೆ.

ನಡುವೆ ಒಬ್ಬ ನುಗ್ಗಿ ಬಂದು ತಾನೂ ಕುಡಿಯುತ್ತಾನೆ. ಇವನು ಅವನನ್ನು ಎತ್ತಿ ಎಸೆದುಬಿಡುತ್ತಾನೆ. ಯಾಕೆ ಗೊತ್ತಾ? ನಿನಗೂ ನನಗೂ ಯಾವ ಸ್ನೇಹ ಇತ್ತು ಅಂತ ನೀನು ಅದನ್ನು ಮುರಿಯಲು ಬಂದೆ ಅಂತ.

ನನಗೆ ಚೀನಾದ ಈ ಕತ್ತಿವರಸೆಯ ಧಾರಾವಾಹಿಗಳ ಹುಚ್ಚು ಹಿಡಿದದ್ದು ಈ ಒಂದು ಮಾತಿನಿಂದ. ಸ್ನೇಹ ಇದ್ದವನಿಗೆ ಮಾತ್ರ ಸ್ನೇಹ ಮುರಿಯುವ ಹಕ್ಕು. ಎಂಥ ಮಾತು ನೋಡಿ! ಇನ್ನೂ ಒಂದು ಏಟು ಬಿದ್ದಿಲ್ಲ, ನನ್ನ ಗಂಟಲು ಕಟ್ಟಿತ್ತು.

ಅವನ ಹೆಸರು ಚಿಯಾವ್ ಫೆಂಗ್. ಕಾದಂಬರಿಯ ಹೆಸರು 'ತಿಯೆನ್‌ಲೊಂಗ್ ಬಾಬು'. ಬರೆದವರು ಜಿನ್ ಯೊಂಗ್. 1924ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಹೈನಿಂಗ್‌ನಲ್ಲಿ ಹುಟ್ಟಿ, ಹಾಂಗ್‌ಕಾಂಗ್‌ನಲ್ಲಿ ಪತ್ರಕರ್ತರಾಗಿ ಬೆಳೆದು, 2018ರಲ್ಲಿ ಅಲ್ಲೇ ತೀರಿಕೊಂಡರು. 1955ರಿಂದ 1972ರ ನಡುವೆ ಬರೆದ 15 ಕಥೆಗಳು, ಅಷ್ಟೇ. ಆ 15 ಕಥೆಗಳನ್ನೇ ಹಾಂಗ್‌ಕಾಂಗ್, ತೈವಾನ್, ಚೀನಾ, ಸಿಂಗಪುರದವರು ಮತ್ತೆ ಮತ್ತೆ ತೆರೆಗೆ ತಂದಿದ್ದಾರೆ, ಇನ್ನೂ ತರುತ್ತಲೇ ಇದ್ದಾರೆ.

ಈ ಕಾದಂಬರಿಯ ಹೆಸರೇ ನಮಗೆ ಹತ್ತಿರದ್ದು. ತಿಯೆನ್ ಅಂದರೆ ದೇವ, ಲೊಂಗ್ ಅಂದರೆ ನಾಗ, ಬಾ ಅಂದರೆ ಎಂಟು, ಬು ಅಂದರೆ ಗಣ. ಬೌದ್ಧ ಗ್ರಂಥಗಳಲ್ಲಿ ಬರುವ ದೇವ, ನಾಗ, ಯಕ್ಷ, ಗಂಧರ್ವ, ಅಸುರ, ಗರುಡ, ಕಿನ್ನರ, ಮಹೋರಗ. ಎಲ್ಲವೂ ನಮಗೆ ಗೊತ್ತಿರುವ ಹೆಸರುಗಳೇ ಅಲ್ವಾ? ಕಥೆಯಲ್ಲಿ ನಿಜವಾದ ಯಕ್ಷ, ಕಿನ್ನರರು ಯಾರೂ ಇಲ್ಲ. ಮನುಷ್ಯರಿಗಿಂತ ಹೆಚ್ಚಿನ ಶಕ್ತಿ ಇದ್ದರೂ ಮನುಷ್ಯರ ಹಾಗೇ ನೋಯುವವರು ಅಂತ ಆ ಹೆಸರಿಟ್ಟರು.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಈ ಧಾರಾವಾಹಿಗಳ ಜೀವ ಇರುವುದು ಹೊಡೆದಾಟದ ಮುಂಚಿನ ಹೊತ್ತಿನಲ್ಲಿ. ಆ ಹೊತ್ತು ಕೊಟ್ಟ ಧಾರಾವಾಹಿ ಗೆದ್ದಿದೆ. ಅದನ್ನು ಕತ್ತರಿಸಲು ಹೋದದ್ದು ಎಷ್ಟು ದುಡ್ಡು ಸುರಿದರೂ ಸೋತಿದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ನಮ್ಮ ಭಾಷೆಯಲ್ಲೇ ಇದೆ. ಟಿವಿಯಲ್ಲಿ ಬರುವುದನ್ನೂ ಧಾರಾವಾಹಿ ಅನ್ನುತ್ತೇವೆ, ಸುಧಾ, ತರಂಗದಲ್ಲಿ ವಾರ ವಾರ ಬರುತ್ತಿದ್ದ ಕಾದಂಬರಿಯನ್ನೂ ಧಾರಾವಾಹಿ ಅನ್ನುತ್ತಿದ್ದೆವು. ಒಂದೇ ಪದ. ಜಿನ್ ಯೊಂಗ್ ಬರೆದದ್ದೂ ಹಾಗೇ, ಪತ್ರಿಕೆಯ ಕಂತುಗಳಲ್ಲಿ. 1959ರಲ್ಲಿ ಅವರು 'ಮಿಂಗ್ ಪಾವ್' ಅಂತ ಸ್ವಂತ ಪತ್ರಿಕೆ ಶುರು ಮಾಡಿದರು. ಜನ ಅದನ್ನು ಕೊಳ್ಳುವಂತೆ ಮಾಡಿದ್ದೇ ಅದರಲ್ಲಿ ದಿನಾ ಬರುತ್ತಿದ್ದ ಇವರ ಕಥೆ. 'ತಿಯೆನ್‌ಲೊಂಗ್ ಬಾಬು' 1963ರಿಂದ 1966ರವರೆಗೆ ಬಂತು. ನಡುವೆ 1965ರಲ್ಲಿ ಅವರು ಯುರೋಪಿಗೆ ಹೋದಾಗ ಕಥೆ ನಿಲ್ಲಬಾರದು ಅಂತ ಗೆಳೆಯ ನಿ ಕುವಾಂಗ್ ಅವರ ಕೈಗೆ ಕೊಟ್ಟು ಹೋದರು. ಯಾರನ್ನೂ ಸಾಯಿಸಬೇಡ ಅಂತ ಹೇಳಿದ್ದರು. ನಿ ಕುವಾಂಗ್ ಸಾಯಿಸಲಿಲ್ಲ. ತಮಗೆ ಇಷ್ಟವಿಲ್ಲದ ಒಬ್ಬ ಹುಡುಗಿಯ ಕಣ್ಣು ತೆಗೆದುಬಿಟ್ಟರು! ಆಮೇಲೆ ಜಿನ್ ಯೊಂಗ್ ಪುಸ್ತಕ ತಿದ್ದಿದಾಗ ಗೆಳೆಯ ಬರೆದ ಭಾಗವನ್ನು ತೆಗೆದರು, ಆದರೆ ಆ ಹುಡುಗಿಯ ಕುರುಡುತನವನ್ನು ಉಳಿಸಿಕೊಂಡರು. ಅದರಿಂದ ಬೆಳೆದ ಕಥೆ ಅಷ್ಟು ಚೆನ್ನಾಗಿತ್ತು.

ದಿನಕ್ಕೊಂದು ಕಂತು ಓದುವವನಿಗೆ ಒಂದು ಬಟ್ಟಲು ಮದ್ಯ ಕುಡಿಯುವುದೇ ಒಂದು ಘಟನೆ. ಆ ಉಸಿರಿನಲ್ಲಿ ಬರೆದದ್ದನ್ನು ಓಡಿಸಿಕೊಂಡು ಹೋದರೆ ಹೇಗೆ?

ಚಿಯಾವ್ ಫೆಂಗ್ ಯಾಕೆ ಆ ಸಭೆಗೆ ಶತ್ರುವಾದ ಅಂತ ಹೇಳಲಿಲ್ಲ ಅಲ್ವಾ. ಹಳೆಯ ಕಾಲದ ಚೀನಾ, ಅಂದರೆ ಸೊಂಗ್ ರಾಜ್ಯದಲ್ಲಿ ಭಿಕ್ಷುಕರ ಒಂದು ದೊಡ್ಡ ಬಣ ಇದೆ. ಇವನು ಅದರ ಮುಖ್ಯಸ್ಥ. ಎಲ್ಲರ ಕಣ್ಮಣಿ. ಒಂದು ದಿನ ಕಾಡಿನಲ್ಲಿ ಬಣದ ನಾಲ್ವರು ಹಿರಿಯರು ಇವನ ವಿರುದ್ಧ ಎದ್ದು, ಸಿಕ್ಕಿಬೀಳುತ್ತಾರೆ. ಬಣದ ನಿಯಮದ ಪ್ರಕಾರ ಅವರಿಗೆ ಸಾವೇ ಶಿಕ್ಷೆ. ಆದರೆ ಮುಖ್ಯಸ್ಥ ತನ್ನ ರಕ್ತ ಹರಿಸಿದರೆ ಅವರ ತಪ್ಪು ತೊಳೆದುಹೋಗುತ್ತದೆ. ಇವನು ಒಬ್ಬೊಬ್ಬರು ಹಿಂದೆ ಮಾಡಿದ ಒಳ್ಳೆಯ ಕೆಲಸವನ್ನು ಎಲ್ಲರ ಮುಂದೆ ನೆನೆಸಿಕೊಳ್ಳುತ್ತಾನೆ, ಒಂದೊಂದು ಚೂರಿ ತನ್ನ ಮೈಗೇ ಚುಚ್ಚಿಕೊಳ್ಳುತ್ತಾನೆ. ನಾಲ್ಕು ಚೂರಿ. ಆ ರಕ್ತ ಇನ್ನೂ ಆರಿಲ್ಲ, ಒಂದು ಹಳೆಯ ಪತ್ರ ಹೊರಬರುತ್ತದೆ. ಇವನು ನಮ್ಮವನೇ ಅಲ್ಲ, ಗಡಿಯಾಚೆಯ ಖಿತಾನ್ ಜನಾಂಗದವನು, ನಮ್ಮ ಶತ್ರುವಿನ ಮಗ ಅಂತ.

ಮೂವತ್ತು ವರ್ಷ ಹಿಂದೆ ಗಡಿಯ ಯಾನ್‌ಮೆನ್ ಕಣಿವೆಯಲ್ಲಿ ಸೊಂಗ್ ಕಡೆಯ ಯೋಧರು ಸುಳ್ಳು ಸುದ್ದಿ ನಂಬಿ ಒಂದು ಖಿತಾನ್ ಕುಟುಂಬದ ಮೇಲೆ ದಾಳಿ ಮಾಡಿದ್ದರು. ಉಳಿದ ಕೂಸನ್ನು ಶಾವೊಲಿನ್ ಬೌದ್ಧ ಮಠ ಇರುವ ಬೆಟ್ಟದ ಬುಡದ ಒಬ್ಬ ರೈತ ದಂಪತಿ ಸಾಕಿದರು. ಆ ಕೂಸೇ ಇವನು. ಇವನಿಗೇ ಇದು ಗೊತ್ತಿಲ್ಲ. ಪಂಪನ ಕರ್ಣನನ್ನು ಓದಿದ ನಮಗೆ ಹುಟ್ಟು ಒಂದು ಕಡೆ, ಋಣ ಇನ್ನೊಂದು ಕಡೆ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮತ್ತೆ ಆ ಮನೆಗೆ ಬರೋಣ. ಬಟ್ಟಲುಗಳು ಮುಗಿದವು. ಹೊಡೆದಾಟ ಶುರು. ಇವನು ಬಳಸುವುದು ಸೊಂಗ್ ವಂಶದ ಮೊದಲ ರಾಜನ ಹೆಸರಿನ ಮುಷ್ಟಿವರಸೆ. ಅಲ್ಲಿದ್ದ ಎಲ್ಲರಿಗೂ ಗೊತ್ತಿರುವ, ತೀರಾ ಸಾಮಾನ್ಯ ವರಸೆ. ಎದುರಿಗಿರುವ ಶಾವೊಲಿನ್ ಭಿಕ್ಷು ಬಳಸುವುದು ಭಾರತದಿಂದ ಬಂದದ್ದು ಅನ್ನುವ ಬೆರಳಿನ ವಿದ್ಯೆ. ಕಾದಂಬರಿಯಲ್ಲಿ ಇವನು ಕೇಳುತ್ತಾನೆ: ನೀವು ಪರದೇಶದ ವಿದ್ಯೆಯಿಂದ ನಮ್ಮ ಮೊದಲ ರಾಜನ ವರಸೆಯನ್ನು ಸೋಲಿಸಿದರೆ ದೇಶದ್ರೋಹಿ ಯಾರು? ಭಿಕ್ಷು ಒಂದು ಕ್ಷಣ ತಬ್ಬಿಬ್ಬು. ಸುತ್ತಲಿನವರಲ್ಲೂ ಕೆಲವರಿಗೆ ಅನ್ನಿಸುತ್ತದೆ, ನಾವು ಪೂಜಿಸುವ ಬೋಧಿಧರ್ಮನೂ ಹೊರಗಿನಿಂದ ಬಂದವನೇ ಅಲ್ವಾ, ಮತ್ತೆ ಈ ಖಿತಾನ್ ಮೇಲೆ ಮಾತ್ರ ಇಷ್ಟು ಸಿಟ್ಟು ಯಾಕೆ?

ನೋಡಿ, ಏಟುಗಳ ನಡುವೆಯೇ ವಾದ ನಡೆಯುತ್ತಿದೆ. ಆ ಮಾತು ಕೈಬಿಟ್ಟರೆ ಅಲ್ಲಿ ಉಳಿಯುವುದು ಸುಮ್ನೆ ಕೈಕಾಲು ಆಡಿಸುವುದು.

ಇದನ್ನು ತೆರೆಗೆ ತಂದವರಲ್ಲಿ ನನಗೆ ಎರಡು ಆವೃತ್ತಿ ಇಷ್ಟ. 1997ರ ಹಾಂಗ್‌ಕಾಂಗ್‌ನ ಟಿವಿಬಿ ವಾಹಿನಿಯದು, 45 ಕಂತು. ಚಿಯಾವ್ ಫೆಂಗ್ ಆಗಿ ಫೆಲಿಕ್ಸ್ ವೊಂಗ್. ಇವರೇ 1983ರಲ್ಲಿ ಜಿನ್ ಯೊಂಗ್ ಅವರ ಇನ್ನೊಂದು ಕಥೆಯಲ್ಲಿ ಮುಗ್ಧ ಗುವೊ ಜಿಂಗ್ ಆಗಿ ಮನೆಮಾತಾಗಿದ್ದವರು. ಸ್ಟುಡಿಯೊ ಗೋಡೆಗಳು ಗೊತ್ತಾಗುತ್ತವೆ, ಗಿಡಗಳು ಪ್ಲಾಸ್ಟಿಕ್ ಅಂತ ಕಾಣುತ್ತದೆ. ಆದರೂ ಮುಖಗಳ ಮೇಲೆ ಕ್ಯಾಮೆರಾ ನಿಲ್ಲುತ್ತದೆ. ಎರಡನೆಯದು ಝಾಂಗ್ ಜಿಝೊಂಗ್ ನಿರ್ಮಿಸಿದ 2003ರ ಆವೃತ್ತಿ, 40 ಕಂತು. ಅದಕ್ಕಾಗಿ ಯುನ್ನಾನ್‌ನ ದಾಲಿಯಲ್ಲಿ ಒಂದು ಊರನ್ನೇ ಕಟ್ಟಿದರು, ಈಗಲೂ ಪ್ರವಾಸಿಗರು ನೋಡಲು ಹೋಗುತ್ತಾರೆ. ಅದರಲ್ಲಿ ಹು ಜುನ್. ಆ ಮನುಷ್ಯನ ಎದೆಯ ಅಗಲ, ಆ ದನಿ! ಬಾಗಿಲಲ್ಲಿ ಬಂದು ನಿಂತರೆ ಸಾಕು, ಒಳಗಿನವರು ಯಾಕೆ ಹೆದರುತ್ತಾರೆ ಅಂತ ನಮಗೂ ಅರ್ಥ ಆಗುತ್ತದೆ. ನನ್ನ ಓಟು ಹು ಜುನ್‌ಗೇ.

ಇನ್ನು ಹೊಸದರ ಮಾತು. ಗುವೊ ಜಿಂಗ್‌ನ ಕಥೆಗೆ 1983ರಲ್ಲಿ 59 ಕಂತು ಕೊಟ್ಟಿದ್ದರು. 2017ರಲ್ಲಿ 52. 2024ರಲ್ಲಿ 30. ಬಟ್ಟೆ, ಬೆಳಕು, ಕುದುರೆ ಎಲ್ಲ ಮೊದಲಿಗಿಂತ ಚೆನ್ನಾಗಿವೆ, ಒಪ್ಪುತ್ತೇನೆ. ಆದರೆ ಗುವೊ ಜಿಂಗ್ ಬಾಲ್ಯದಲ್ಲಿ ಮಂಗೋಲರ ನಡುವೆ ಮರಳುಗಾಡಿನಲ್ಲಿ ಬೆಳೆದದ್ದನ್ನು ನಾವು ಅನುಭವಿಸದೇ ಇದ್ದರೆ, ಮುಂದೆ ಅದೇ ಮಂಗೋಲರ ವಿರುದ್ಧ ಅವನು ನಿಲ್ಲುವಾಗ ನಮಗೆ ಯಾಕೆ ನೋಯಬೇಕು? ಇನ್ನು ಕೆಲವು ಹೊಸ ಧಾರಾವಾಹಿಗಳಲ್ಲಿ ಹೊಡೆದಾಟ ಬಂತು ಅಂದರೆ ಎಲ್ಲ ನಿಧಾನಗತಿ. ಕೂದಲು ಹಾರುತ್ತದೆ, ಬಟ್ಟೆ ಹಾರುತ್ತದೆ, ಹೂವಿನ ದಳ ಹಾರುತ್ತದೆ. ಏಟು ಎಲ್ಲಿ ಬಿತ್ತು ಅಂತ ಗೊತ್ತೇ ಆಗುವುದಿಲ್ಲ. ಮಾತಿನ ಹೊತ್ತು ಕತ್ತರಿಸಿ ಹಾರಾಟಕ್ಕೆ ಕೊಟ್ಟಿದ್ದಾರೆ. ಇದು ನನಗೆ ನಿಜವಾಗಲೂ ಬೇಜಾರಿನ ವಿಷಯ.

ಕಥೆ ಬದಲಾಯಿಸಬಾರದು ಅಂತ ನಾನು ಹೇಳುತ್ತಿಲ್ಲ. ಬರೆದವರೇ ಎರಡು ಸಲ ತಿದ್ದಿದ ಕಥೆಗಳಿವು. ಬದಲಾಯಿಸಿ, ಆದರೆ ಆ ಋಣದ ಭಾರ ಕಡಿಮೆ ಮಾಡಬೇಡಿ.

ಆ ಹುಡುಗಿ ಏನಾದಳು ಅಂತ ಕೇಳುತ್ತೀರಿ. ಅವಳ ಹೆಸರು ಆಝು. ಬದುಕಿದಳು. ಇಬ್ಬರೂ ಒಬ್ಬರನ್ನೊಬ್ಬರು ಹಚ್ಚಿಕೊಂಡರು. ಈ ಸೇಡು ಒಂದು ತೀರಲಿ, ಗಡಿಯಾಚೆ ಹೋಗಿ ದನ ಕುರಿ ಮೇಯಿಸಿಕೊಂಡು ಇರೋಣ ಅಂತ ಮಾತಾಡಿಕೊಂಡರು. ಆಮೇಲೆ ಒಂದು ರಾತ್ರಿ. ಗುಡುಗು, ಮಳೆ, ಕಲ್ಲಿನ ಸೇತುವೆ. ತನ್ನ ತಂದೆತಾಯಿಯ ಸಾವಿಗೆ ಕಾರಣ ಅಂತ ಇವನು ನಂಬಿದ ಮನುಷ್ಯ ಎದುರಿಗೆ ನಿಂತಿದ್ದಾನೆ. ಇವನು ಅಂಗೈ ಬೀಸುತ್ತಾನೆ. ಎದುರಿನವನು ತಡೆಯುವುದೇ ಇಲ್ಲ. ಬಿದ್ದವನನ್ನು ಎತ್ತಿದರೆ ಮೈ ಹಗುರ, ತೀರಾ ಹಗುರ. ವೇಷದ ಒಳಗೆ ಇರುವುದು ಆಝು. ಆ ಮನುಷ್ಯ ಅವಳ ಹೆತ್ತ ತಂದೆ. ತಂದೆಯೂ ಉಳಿಯಲಿ, ಇವನೂ ಉಳಿಯಲಿ ಅಂತ ತಾನೇ ಬಂದು ನಿಂತಿದ್ದಳು. ಆ ಮನುಷ್ಯ ನಿಜವಾದ ಅಪರಾಧಿಯೂ ಆಗಿರಲಿಲ್ಲ. ಇಡೀ ದೃಶ್ಯದಲ್ಲಿ ಒಂದೇ ಏಟು. ಇದಕ್ಕಿಂತ ದೊಡ್ಡ ಹೊಡೆದಾಟ ನಾನು ಯಾವ ಧಾರಾವಾಹಿಯಲ್ಲೂ ನೋಡಿಲ್ಲ.

ಒಂದು ಆಸೆ ಹೇಳಿಬಿಡುತ್ತೇನೆ. ನಾನು ಇವನ್ನೆಲ್ಲ ನೋಡುವುದು ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು. ಗುವೊ ಜಿಂಗ್‌ನ ಹುಡುಗಿ ಅವನನ್ನು 'ಜಿಂಗ್ ಗೆಗೆ' ಅನ್ನುತ್ತಾಳೆ. ಗೆಗೆ ಅಂದರೆ ಅಣ್ಣ, ಪ್ರೀತಿಸುವವನನ್ನೂ ಹಾಗೇ ಕರೆಯುತ್ತಾರೆ. ಇಂಗ್ಲಿಷಿನಲ್ಲಿ 'ಬ್ರದರ್' ಅಂತ ಬಿದ್ದಾಗ ಎಲ್ಲ ಕೆಡುತ್ತದೆ. ಕನ್ನಡದಲ್ಲಿ ಅಣ್ಣ ಅಂದರೂ ಆಗುವುದಿಲ್ಲ. ಆದರೆ ನಮ್ಮಲ್ಲಿ 'ಬಾವ' ಇದೆ! ಸಲುಗೆಯೂ ಇದೆ, ಮರ್ಯಾದೆಯೂ ಇದೆ, ಮುಂದೆ ಮದುವೆಯಾಗುವ ದಾರಿಯೂ ಇದೆ. ಗುರುವಿನ ಹೆಂಡತಿ, ಗುರುವಿನ ಗುರು, ಹಿರಿಯ ಶಿಷ್ಯ ಇವರಿಗೆಲ್ಲ ಅವರಲ್ಲಿ ಬೇರೆ ಬೇರೆ ಕರೆಯುವ ಪದಗಳಿವೆ. ಅವನ್ನು ಕನ್ನಡ ಇಂಗ್ಲಿಷಿಗಿಂತ ಚೆನ್ನಾಗಿ ಹೊರುತ್ತದೆ. ಯಾರಾದರೂ ಕನ್ನಡ ಸಬ್‌ಟೈಟಲ್ ಮಾಡಲು ಕೂತರೆ ಹೇಳಿ, ನಾನೂ ಬರುತ್ತೇನೆ.

ಕೊನೆಯ ದೃಶ್ಯ ಮತ್ತೆ ಯಾನ್‌ಮೆನ್ ಕಣಿವೆಯಲ್ಲಿ, ಎಲ್ಲ ಶುರುವಾದ ಜಾಗದಲ್ಲೇ. ಖಿತಾನರ ಲಿಯಾವ್ ರಾಜ ಸೊಂಗ್ ಮೇಲೆ ದಂಡೆತ್ತಿ ಹೊರಟಿದ್ದಾನೆ. ಚಿಯಾವ್ ಫೆಂಗ್‌ನ ಇಬ್ಬರು ಗೆಳೆಯರು ಅವನನ್ನು ಹಿಡಿಯುತ್ತಾರೆ, ಇವನು ಮಾತು ತೆಗೆದುಕೊಳ್ಳುತ್ತಾನೆ: ನೀನು ಬದುಕಿರುವವರೆಗೆ ನಿನ್ನ ಒಬ್ಬ ಸೈನಿಕನೂ ಈ ಗಡಿ ದಾಟಬಾರದು. ರಾಜ ಒಪ್ಪಿ ಬಾಣ ಮುರಿದು ಎಸೆಯುತ್ತಾನೆ. ಸಾವಿರಾರು ಜೀವ ಉಳಿಯಿತು. ಆದರೆ ತನ್ನ ರಾಜನನ್ನೇ ಬೆದರಿಸಿದವನು ತಾನು ಇನ್ನು ಯಾವ ಮುಖ ಇಟ್ಟುಕೊಂಡು ಬದುಕಲಿ ಅಂತ, ಮುರಿದ ಅದೇ ಬಾಣವನ್ನು ಎತ್ತಿ ತನ್ನ ಎದೆಗೆ ಚುಚ್ಚಿಕೊಳ್ಳುತ್ತಾನೆ.

ರಾಜ ಸೈನ್ಯವನ್ನು ಹಿಂದಕ್ಕೆ ತಿರುಗಿಸುತ್ತಾನೆ. ಇವನು ನಮ್ಮ ರಾಜ್ಯಕ್ಕೆ ಮಾಡಿದ್ದು ಒಳ್ಳೆಯದಾ ಕೆಟ್ಟದ್ದಾ ಅಂತ ಅವನಿಗೆ ತಿಳಿಯುವುದಿಲ್ಲ. ಹೋಗುತ್ತಾ ಹೋಗುತ್ತಾ ಅವನ ಸೈನಿಕರು ತಿರುಗಿ ತಿರುಗಿ ನೋಡುತ್ತಾರೆ. ಮುಂದೆ ಯಾರೇ ಇದನ್ನು ಮತ್ತೆ ತೆಗೆದರೂ, ಆ ತಿರುಗಿ ನೋಡುವ ಮುಖಗಳ ಮೇಲೆ ಕ್ಯಾಮೆರಾವನ್ನು ಇನ್ನೂ ಸ್ವಲ್ಪ ಹೊತ್ತು ಇಡಿ.