ಗುಜರಿಯವರು ಹಾರಿಸಿದ ಬಾವುಟ

ಕೇಳುಗರಿಗೆ ನಮಸ್ಕಾರ. ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ಮಾಡಿದ ಯುದ್ಧದ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ. ಅಲ್ಲಿ ಚಿನ್ನ ಇತ್ತಾ, ಎಣ್ಣೆ ಇತ್ತಾ ಅಂತ. 1982ರಲ್ಲಿ ಅಲ್ಲಿ ಇದ್ದದ್ದು ಸುಮಾರು 1,800 ಜನ, ಅವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಕುರಿ, ಬಿಟ್ಟರೆ ಗಾಳಿ. ಬ್ರಿಟನ್ನಿನಿಂದ ಸುಮಾರು 13,000 ಕಿಲೋಮೀಟರ್ ದೂರ, ಅರ್ಜೆಂಟೀನಾದಿಂದ ಬರೀ 500. ಹಾಗಾದರೆ ಯುದ್ಧ ಯಾಕಾಯಿತು? ಒಡೆಯ ತನ್ನ ವಸಾಹತನ್ನು ಮರೆತವನ ಹಾಗೆ ನಡೆದುಕೊಂಡ, ಪಕ್ಕದವನು ಕೈ ಹಾಕಿದ. ಇಷ್ಟೇ.

ಊರಾಚೆ ಸೈಟು ತಗೊಂಡು, ಬೇಲಿ ಹಾಕದೆ, ವರ್ಷಕ್ಕೊಮ್ಮೆಯೂ ಹೋಗಿ ನೋಡದೆ ಬಿಟ್ಟರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

1833ರಿಂದ ದ್ವೀಪಗಳು ಬ್ರಿಟಿಷರ ಕೈಯಲ್ಲಿದ್ದವು. ಅವು ಸ್ಪೇನಿನಿಂದ ನಮಗೆ ಬರಬೇಕಾದ ಆಸ್ತಿ, ಅವುಗಳ ಹೆಸರು ಮಾಲ್ವಿನಾಸ್ ಅನ್ನುವುದು ಅರ್ಜೆಂಟೀನಾದ ವಾದ. 1980ರಲ್ಲಿ ಬ್ರಿಟಿಷ್ ಮಂತ್ರಿಯೊಬ್ಬರು ದ್ವೀಪಕ್ಕೇ ಹೋಗಿ, ಒಡೆತನ ಅರ್ಜೆಂಟೀನಾಕ್ಕೆ ಕೊಟ್ಟು ನಾವು ಗುತ್ತಿಗೆಗೆ ಇಟ್ಟುಕೊಳ್ಳೋಣವೇ ಅಂತ ಕೇಳಿಬಂದರು. 1981ರ ಪೌರತ್ವ ಕಾಯ್ದೆಯಲ್ಲಿ ದ್ವೀಪದ ಎಷ್ಟೋ ಜನರಿಗೆ ಪೂರ್ಣ ಪೌರತ್ವ ಸಿಗಲಿಲ್ಲ. ಆ ಸಮುದ್ರದಲ್ಲಿ ಕಾವಲಿದ್ದ ನೌಕಾಪಡೆಯ ಹಡಗು ಒಂದೇ, ಎಂಡ್ಯೂರನ್ಸ್. ಖರ್ಚು ಜಾಸ್ತಿ ಅಂತ ಅದನ್ನೂ ವಾಪಸ್ ಕರೆಸುವ ತೀರ್ಮಾನ ಮಾಡಿದರು. ಇದನ್ನೆಲ್ಲ ನೋಡುತ್ತಿದ್ದವರಿಗೆ ಏನನ್ನಿಸಬೇಕು ಹೇಳಿ!

ಈಗ ನನಗೆ ತುಂಬ ಇಷ್ಟವಾದ ಭಾಗ. ಫಾಕ್‌ಲ್ಯಾಂಡಿನಿಂದ ಇನ್ನೂ 1,400 ಕಿಲೋಮೀಟರ್ ಪೂರ್ವಕ್ಕೆ ಸೌತ್ ಜಾರ್ಜಿಯಾ ಅಂತ ಇನ್ನೊಂದು ಬ್ರಿಟಿಷ್ ದ್ವೀಪವಿದೆ. ಹಿಂದೆ ಅಲ್ಲಿ ತಿಮಿಂಗಿಲ ಬೇಟೆಯವರ ಕಾರ್ಖಾನೆಗಳಿದ್ದವು. ಬೇಟೆ ನಿಂತ ಮೇಲೆ ಕಬ್ಬಿಣವೆಲ್ಲ ತುಕ್ಕು ಹಿಡಿದು ನಿಂತಿತ್ತು. ಅದನ್ನು ಕಳಚಿ ಮಾರಲು ಕಾನ್‌ಸ್ಟಾಂಟಿನೋ ಡಾವಿಡಾಫ್ ಎಂಬ ಅರ್ಜೆಂಟೀನಾದ ಗುಜರಿ ವ್ಯಾಪಾರಿ ಸ್ಕಾಟ್‌ಲ್ಯಾಂಡಿನ ಕಂಪನಿಯ ಜೊತೆ ಕರಾರು ಮಾಡಿಕೊಂಡ. ಕರಾರು ಸರಿಯಾಗಿಯೇ ಇತ್ತು. ಆದರೆ ಮೊದಲು ಅದೇ ದ್ವೀಪದ ಗ್ರಿಟ್‌ವಿಕೆನ್‌ಗೆ ಹೋಗಿ ಬ್ರಿಟಿಷರಿಂದ ಇಳಿಯುವ ಅನುಮತಿ ಪಡೆಯಬೇಕಿತ್ತು. 1982ರ ಮಾರ್ಚ್ 19ರಂದು ಅವನ ಕೂಲಿಗಳು ಅರ್ಜೆಂಟೀನಾ ನೌಕಾಪಡೆಯ ಹಡಗಿನಲ್ಲಿ ಬಂದು ನೇರ ಸೌತ್ ಜಾರ್ಜಿಯಾದ ಲೀತ್ ಬಂದರಿಗೇ ಇಳಿದರು. ಸುಮ್ನೆ ಕೆಲಸ ಮಾಡಿಕೊಂಡು ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ತಮ್ಮ ದೇಶದ ಬಾವುಟ ಹಾರಿಸಿದರು, ಹಿಮಸಾರಂಗ ಹೊಡೆದು ಬೆಂಕಿಯಲ್ಲಿ ಸುಟ್ಟು ತಿಂದರು! ಗುಂಡಿನ ಸದ್ದು ಕೇಳಿಸಿದ್ದು ಯಾರಿಗೆ? ಅಲ್ಲಿ ಸಂಶೋಧನೆ ಮಾಡಿಕೊಂಡಿದ್ದ ಬ್ರಿಟಿಷ್ ವಿಜ್ಞಾನಿಗಳಿಗೆ. ಅವರು ಗದರಿದ ಮೇಲೆ ಬಾವುಟವೇನೋ ಇಳಿಯಿತು, ಜನ ಹೋಗಲಿಲ್ಲ. ಲಂಡನ್ನು ಎಂಡ್ಯೂರನ್ಸ್‌ನಲ್ಲಿ 22 ಸೈನಿಕರನ್ನು ಕಳಿಸಿತು. ಹೌದು, ಬೇಡ ಅಂದಿದ್ದ ಅದೇ ಹಡಗು. ಆ ಕಡೆಯಿಂದ ಅರ್ಜೆಂಟೀನಾದ ಸೈನಿಕರೂ ಬಂದಿಳಿದರು.

ಗುಜರಿಯವರ ಕತೆಯಲ್ಲೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಆಗ ಜನರಲ್ ಗಾಲ್ಟಿಯೇರಿಯ ಸೇನಾಡಳಿತ. ಬೆಲೆಯೇರಿಕೆಯಿಂದ ಬೇಸತ್ತ ಜನ ಮಾರ್ಚ್ 30ರಂದು ಬೀದಿಗಿಳಿದು ಸರ್ಕಾರದ ವಿರುದ್ಧ ಕೂಗಿದರು. ಏಪ್ರಿಲ್ 2ರಂದು ಸೇನೆ ಫಾಕ್‌ಲ್ಯಾಂಡ್ ಹಿಡಿಯಿತು, ಅದೇ ಊರಿನಲ್ಲಿ ಜೈಕಾರ. ದೂರದ ಬ್ರಿಟನ್ ಇಷ್ಟಕ್ಕೆಲ್ಲ ಎದ್ದು ಬರುವುದಿಲ್ಲ ಅಂತ ಸೇನಾಡಳಿತದವರು ಅಂದುಕೊಂಡಿದ್ದರು. ಅಂದುಕೊಳ್ಳದೆ ಇನ್ನೇನು, ಇನ್‌ವಿನ್ಸಿಬಲ್ ಎಂಬ ವಿಮಾನವಾಹಕ ನೌಕೆಯನ್ನು ಆಸ್ಟ್ರೇಲಿಯಾಕ್ಕೆ ಮಾರಲು ಬ್ರಿಟನ್ ಅದೇ ಫೆಬ್ರವರಿಯಲ್ಲಿ ಒಪ್ಪಿತ್ತಲ್ಲ! ಆದರೆ ಬ್ರಿಟನ್ ಪ್ರಧಾನಿ ಥ್ಯಾಚರ್ ಅದನ್ನೇ ಯುದ್ಧಕ್ಕೆ ಕಳಿಸಿದರು. ಜೊತೆಗೆ ಹೋದ ಮುಖ್ಯ ನೌಕೆ ಹರ್ಮಿಸ್. ಅದು ನಮಗೆ ಗೊತ್ತಿರುವ ಹಡಗೇ, 1987ರಲ್ಲಿ ನಮ್ಮ ನೌಕಾಪಡೆ ಸೇರಿ ಐಎನ್‌ಎಸ್ ವಿರಾಟ್ ಆಯಿತು.

ಜೂನ್ 14ಕ್ಕೆ ಅರ್ಜೆಂಟೀನಾದ ಪಡೆ ಶರಣಾಯಿತು. ಅವರ ಕಡೆ 649 ಜನ ಸತ್ತರು, ಬ್ರಿಟನ್ ಕಡೆ 255, ದ್ವೀಪದ ಮೂವರು ಹೆಂಗಸರು. ಅರ್ಜೆಂಟೀನಾದ ಬೆಲ್‌ಗ್ರಾನೊ ಹಡಗು ಮುಳುಗಿದಾಗಲೇ 323 ಜನ ಹೋದರು.

ಇಷ್ಟಾದ ಮೇಲೆ ಬೇಲಿ ಬಂತು ನೋಡಿ. 1983ರಲ್ಲಿ ದ್ವೀಪದವರಿಗೆ ಪೂರ್ಣ ಪೌರತ್ವ, 1985ರಲ್ಲಿ ಹೊಸ ವಾಯುನೆಲೆ. ಎಂಡ್ಯೂರನ್ಸ್ 1991ರವರೆಗೂ ಕೆಲಸ ಮಾಡಿತು. 2013ರಲ್ಲಿ ಬ್ರಿಟನ್ನಿನ ಜೊತೆಗೇ ಇರುತ್ತೀರಾ ಅಂತ ಮತಕ್ಕೆ ಹಾಕಿದಾಗ 1,513 ಜನ ಹೌದು ಅಂದರು, ಮೂರೇ ಮೂರು ಜನ ಬೇಡ ಅಂದರು. ಅರ್ಜೆಂಟೀನಾ ಆ ಮತವನ್ನು ಇವತ್ತಿಗೂ ಒಪ್ಪಿಲ್ಲ. ನಮಸ್ಕಾರ.