ಮೂಳೆ ಉಳಿಯಿತು, ದನಿ ಎಲ್ಲಿ ಹೋಯಿತು?

[ತೆರೆಯ ಮೇಲೆ: ಮೂಳೆ ಕೊಳಲಿನ ಹತ್ತಿರದ ಚಿತ್ರ]

ಇದು ಕುರಿ ಅಥವಾ ಮೇಕೆಯ ಕಾಲಿನ ಮೂಳೆ. ಮುಂದೆ ಬೆರಳಿಗೆ 5 ತೂತು, ಹಿಂದೆ ಹೆಬ್ಬೆರಳಿಗೆ ಇನ್ನೊಂದು. ಇಂಗ್ಲೆಂಡಿನ ಕೆಂಟ್ ಸೀಮೆಯ ಹರ್ನ್ ಬೇ ಊರಿನಲ್ಲಿ ನೆಲ ಅಗೆಯುವಾಗ ಸಿಕ್ಕಿತು. 12ರಿಂದ 15ನೇ ಶತಮಾನದ ನಡುವಿನ ಕೊಳಲು.

[ನಕ್ಷೆ: ಉತ್ತರ ಯುರೋಪ್]

ಸ್ವೀಡನ್ನಿನ ಬಿರ್ಕಾ, ಇಂಗ್ಲೆಂಡಿನ ಯಾರ್ಕ್, ವೇಲ್ಸ್‌ನ ವೈಟ್ ಕ್ಯಾಸಲ್ ಕೋಟೆ, ಎಲ್ಲ ಕಡೆ ಮೂಳೆ ಕೊಳಲು ಸಿಕ್ಕಿವೆ. ವೈಟ್ ಕ್ಯಾಸಲ್‌ನದು ಜಿಂಕೆ ಮೂಳೆ. ಹೆಬ್ಬಾತಿನ ರೆಕ್ಕೆಯ ಮೂಳೆಯೂ ಬಳಕೆಯಲ್ಲಿತ್ತು, ಅದು ಹುಟ್ಟಿನಿಂದಲೇ ಟೊಳ್ಳು. ಊಟ ಮುಗಿದ ಮೇಲೆ ಉಳಿದ ಮೂಳೆ, ಒಂದು ಚಾಕು. ಬಡವನೂ ಮಾಡಿಕೊಳ್ಳಬಹುದಿತ್ತು, ಅಲ್ವಾ?

[ಅಡ್ಡಸೀಳಿದ ಕೊಳಲಿನ ಅನಿಮೇಷನ್]

ಈಗ ಮುಖ್ಯ ವಿಷಯ. ನಮ್ಮ ಬಿದಿರಿನ ಕೊಳಲಲ್ಲಿ ಗಾಳಿಯನ್ನು ತೆಳ್ಳಗೆ ಮಾಡುವುದು ತುಟಿ. ಇಲ್ಲಿ ಆ ಕೆಲಸ ಬಿರಡೆಯದು. ಮೂಳೆಯ ಬಾಯಿಗೆ ಜೇನುಮೇಣ ಅಥವಾ ಮರದ ತುಂಡು ತುರುಕಿ, ಒಂದು ಸಣ್ಣ ಸೀಳು ಮಾತ್ರ ಬಿಡುತ್ತಾರೆ. ಊದಿದ ಗಾಳಿ ಆ ಸೀಳಿನಿಂದ ಹೊರಟು, ಮೂಳೆಯಲ್ಲಿ ಕೊರೆದ ಕಿಟಕಿಯ ಚೂಪು ಅಂಚಿಗೆ ಬಡಿಯುತ್ತದೆ. ಅಂಚಿನ ಒಳಗೂ ಹೊರಗೂ ಓಲಾಡುತ್ತದೆ. ಆಗ ಒಳಗಿನ ಗಾಳಿ ಕಂಪಿಸುತ್ತದೆ. ಸೀಳು ಕೂದಲೆಳೆಯಷ್ಟು ಬದಲಾದರೂ ದನಿ ಬದಲು. ಕೆಲವೊಮ್ಮೆ ಬರೀ ಉಸಿರಿನ ಸದ್ದು ಬರುತ್ತದೆ!

ಆದರೆ ಮೇಣವೂ ಮರವೂ ಮಣ್ಣಲ್ಲಿ ಬಹಳ ಕಾಲ ಉಳಿಯುವುದು ಕಷ್ಟ. ಉಳಿಯುವುದು ಮೂಳೆ ಮಾತ್ರ. ಹರ್ನ್ ಬೇ ಕೊಳಲಿಗೂ ಊದುವ ತುದಿಯ ಭಾಗ ಇಲ್ಲ.

[ಹೊಸ ಮೂಳೆ ಕೊಳಲು ಮಾಡುವ ದೃಶ್ಯ]

ಅದಕ್ಕೇ ಪ್ರತಿಕೃತಿ ಬೇಕು. ಹಳೆಯದನ್ನು ಊದಿದರೆ ಉಸಿರಿನ ತೇವಕ್ಕೆ ಮೂಳೆ ಕೆಡಬಹುದು. ಕೆಲವರು ಸ್ಕ್ಯಾನ್ ಮಾಡಿ 3ಡಿ ಪ್ರಿಂಟರ್‌ನಲ್ಲಿ ಪ್ಲಾಸ್ಟಿಕ್ ಕೊಳಲು ಮಾಡುತ್ತಾರೆ. ಅಳತೆ ಪಕ್ಕಾ ಬರುತ್ತದೆ, ಹೊಸ ಬಿರಡೆಗಳನ್ನು ಬೇಕಾದಷ್ಟು ಸಲ ಹಾಕಿ ನೋಡಬಹುದು. ನನಗೆ ಇಷ್ಟ ಮಾತ್ರ ನಿಜವಾದ ಮೂಳೆಯಲ್ಲಿ ಕೈಯಿಂದ ಕೊರೆದದ್ದು. ಯಾವ ಎರಡು ಮೂಳೆಯೂ ಒಂದೇ ಥರ ಇರುವುದಿಲ್ಲ, ತೂತಿನ ಜಾಗವನ್ನು ಕೈಯೇ ಹುಡುಕಬೇಕು. ಆ ಕಾಲದ ಕುಶಲಕರ್ಮಿಯ ಕಷ್ಟ ಅಲ್ಲೇ ಗೊತ್ತಾಗುವುದು.

ಪ್ರತಿಕೃತಿ ಕೇಳುವಾಗ ಒಂದು ವಿಷಯ ಗಮನಿಸಿ. ಜೋರಾಗಿ ಊದಿದರೆ ಸ್ವರ ಏರುತ್ತದೆ, ತೂತನ್ನು ಅರ್ಧ ಮುಚ್ಚಿದರೆ ಇಳಿಯುತ್ತದೆ. ಹಾಗಾಗಿ ತೂತುಗಳನ್ನು ಅಳೆದು "ಆಗಿನ ರಾಗ ಇದೇ" ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ.

ಮನೆಯಲ್ಲಿ ಮಾಡುವ ಆಸೆ ಇದ್ದರೆ, ಮೂಳೆಯನ್ನು ಚೆನ್ನಾಗಿ ಕುದಿಸಿ, ಮಜ್ಜೆ ಮತ್ತು ಕೊಬ್ಬು ತೆಗೆಯಿರಿ. ಉಜ್ಜುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಹಾಕದೆ ಕೂರಬೇಡಿ.