ಹೆಸರಿಲ್ಲದ ಬಟನ್: ಕಣ್ಣು ಕಾಣದ ವಿದ್ಯಾರ್ಥಿಗೆ ಬ್ರೌಸರ್ ಏನು ಹೇಳುತ್ತದೆ?

(ಪರದೆಯಲ್ಲಿ: ವಿಷಯ ಆಯ್ಕೆಯ ಪುಟ. ಸ್ಕ್ರೀನ್ ರೀಡರ್ ಧ್ವನಿ: "ಬಟನ್. ಬಟನ್. ಬಟನ್.")

ಈಗ ಕೇಳಿದಿರಲ್ಲ, ವಿಶ್ವವಿದ್ಯಾಲಯದಲ್ಲಿ ನನ್ನ ಮೊದಲ ವಾರ ಕಳೆದದ್ದು ಈ ಸದ್ದಿನೊಂದಿಗೆ. ಸೆಮಿಸ್ಟರಿಗೆ ಬೇಕಾದ ವಿಷಯಗಳನ್ನು ಆರಿಸಿಕೊಳ್ಳುವ ಪುಟ ಅದು. ಅಲ್ಲಿ ಮೂರು ಪುಟ್ಟ ಚಿತ್ರಗಳಿದ್ದವು: ಸೇರಿಸಲು ಕೂಡುವ ಚಿಹ್ನೆ, ಸಲ್ಲಿಸಲು ಬಾಣ, ಎಲ್ಲವನ್ನೂ ಅಳಿಸಲು ಕಸದ ಬುಟ್ಟಿ. ಇದನ್ನು ನನಗೆ ಆಮೇಲೆ ಗೆಳೆಯನೊಬ್ಬ ಹೇಳಿದ. ನನಗೆ ಕಣ್ಣು ಕಾಣುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಅಂದು ನನಗೆ ಕೇಳಿಸಿದ್ದು ಮೂರು ಸಲ "ಬಟನ್", ಅಷ್ಟೇ. ಒಂದನ್ನು ಒತ್ತಿದೆ. ಅರ್ಧ ಗಂಟೆ ಕೂತು ಆರಿಸಿದ್ದ ನಾಲ್ಕೂ ವಿಷಯಗಳು ಅಳಿಸಿಹೋದವು.

ನಮಸ್ಕಾರ. ಮುಂದಕ್ಕೆ ಹೋಗುವ ಮೊದಲು ಒಂದು ಮಾತು: ಪರದೆಯ ಮೇಲೆ ಏನೇ ಬಂದರೂ ಅದನ್ನು ಬಾಯಿಬಿಟ್ಟು ಹೇಳುತ್ತೇನೆ. ಈ ವಿಡಿಯೋವನ್ನು ಕೇಳಿಯೇ ತಿಳಿದುಕೊಳ್ಳುವವರೂ ಇದ್ದಾರೆ.

(ಪರದೆಯಲ್ಲಿ: ಒಂದೇ ಪುಟದ ಎರಡು ರೂಪ. ಎಡಗಡೆ ಚಿತ್ರ, ಬಣ್ಣಗಳಿರುವ ಪುಟ. ಬಲಗಡೆ ಕವಲೊಡೆದ ಪಟ್ಟಿ.)

ಎಡಗಡೆ ಇರುವುದು ನಿಮಗೆ ಕಾಣುವ ಪುಟ. ಬಲಗಡೆ ಇರುವುದು ನನಗೆ ಕೇಳಿಸುವ ಪುಟ. ಬ್ರೌಸರ್ ಯಾವ ಪುಟವನ್ನು ತೆರೆದರೂ ಅದನ್ನು ಪರದೆಯ ಮೇಲೆ ಮೂಡಿಸುವುದರ ಜೊತೆಗೆ, ಇದು ಶೀರ್ಷಿಕೆ, ಇದು ಕೊಂಡಿ, ಇದು ಬಟನ್ ಎಂದು ಒಳಗೊಳಗೇ ಒಂದು ಮರವನ್ನು ಕಟ್ಟುತ್ತದೆ. ಅದರ ಹೆಸರು ಆಕ್ಸೆಸಿಬಿಲಿಟಿ ಟ್ರೀ. ಸ್ಕ್ರೀನ್ ರೀಡರ್ ಮುಖ್ಯವಾಗಿ ನೆಚ್ಚಿಕೊಂಡಿರುವುದು ಈ ಮರವನ್ನೇ. ಪುಟ ಬರೆದವರು ಕಸದ ಬುಟ್ಟಿಯ ಚಿತ್ರ ಇಟ್ಟು, ಅದಕ್ಕೆ "ಅಳಿಸು" ಎಂಬ ಹೆಸರನ್ನು ಕೊಡದೆ ಬಿಟ್ಟರೆ ಮರದಲ್ಲಿ ಆ ಜಾಗ ಬರಿದು. ಇಲ್ಲದ ಹೆಸರನ್ನು ಬ್ರೌಸರ್ ಎಲ್ಲಿಂದ ತಂದೀತು? ಒಂದೇ ಒಂದು ಪದ ಬರೆದಿದ್ದರೆ ಸಾಕಿತ್ತು. ಅದಕ್ಕೇ ನನಗೆ ಹೊಟ್ಟೆ ಉರಿಯುತ್ತದೆ.

ನಾನು ಬಳಸುವ ಸ್ಕ್ರೀನ್ ರೀಡರ್ ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಇದನ್ನು ಬರೆಯಲು ತೊಡಗಿದರು, ಆಮೇಲೆ ಜೇಮ್ಸ್ ಟೆ ಕೈಜೋಡಿಸಿದರು. ಇಬ್ಬರೂ ಕಣ್ಣು ಕಾಣದವರು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ತಂತ್ರಾಂಶ ಇದು. ಇದಿಲ್ಲದಿದ್ದರೆ ನಾನು ಪದವಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಎಚ್ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗುತ್ತೇನೆ, ಕೆ ಒತ್ತಿದರೆ ಮುಂದಿನ ಕೊಂಡಿಗೆ. ನೀವು ಪುಟದ ಮೇಲೆ ಕಣ್ಣಾಡಿಸುವ ಹಾಗೆ ನಾನು ಬೆರಳಾಡಿಸುತ್ತೇನೆ. ಆದರೆ ಶೀರ್ಷಿಕೆಯನ್ನು ಶೀರ್ಷಿಕೆ ಎಂದು ಗುರುತಿಸದೆ ಬರೀ ದಪ್ಪಕ್ಷರದಲ್ಲಿ ಬರೆದಿಟ್ಟರೆ ಎಚ್ ಒತ್ತಿ ಪ್ರಯೋಜನವಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲವನ್ನೂ ಕೇಳಬೇಕು.

ಇದಕ್ಕೆಲ್ಲ ನಿಯಮಗಳಿಲ್ಲವೇ? ಇವೆ. ವೆಬ್ ಪುಟಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆನ್ನುವ ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿ 1999ರಲ್ಲೇ ಬಂತು. 2023ರ ಅದರ 2.2 ಆವೃತ್ತಿ, ಒತ್ತುವ ಜಾಗ ಸಾಮಾನ್ಯವಾಗಿ ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ ಇರಲಿ ಎನ್ನುತ್ತದೆ. ಕೈ ನಡುಗುವ ನನ್ನ ಸಹಪಾಠಿಗೆ ಆ 24 ಪಿಕ್ಸೆಲ್ ಎಷ್ಟು ದೊಡ್ಡದೆಂದು ನಾನು ಬಲ್ಲೆ.

ನನ್ನನ್ನು ನಿಜವಾಗಿ ಹಣ್ಣು ಮಾಡಿದ್ದು ಟಿಪ್ಪಣಿಗಳು. ಸಂಖ್ಯಾಶಾಸ್ತ್ರದ ಟಿಪ್ಪಣಿಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಹಾಕಿದ್ದರು. ಸ್ಕ್ಯಾನ್ ಎಂದರೆ ಫೋಟೋ. ಅದರಲ್ಲಿ ಸ್ಕ್ರೀನ್ ರೀಡರ್ ಓದಬಲ್ಲ ಅಕ್ಷರವೇ ಇರುವುದಿಲ್ಲ. ಫೋಟೋದಿಂದ ಅಕ್ಷರ ತೆಗೆಯುವ ತಂತ್ರಾಂಶಕ್ಕೆ ಕೊಟ್ಟೆ. ವಾಕ್ಯಗಳು ಬಂದವು, ಸೂತ್ರಗಳು ಚೂರುಚೂರಾದವು. "ಎಕ್ಸ್ ವರ್ಗ" ಎಂಬುದು "ಎಕ್ಸ್ ಎರಡು" ಆಯಿತು. ಮಾನಕ ವಿಚಲನೆಯ ಸೂತ್ರದಲ್ಲಿ ವರ್ಗಮೂಲದ ಚಿಹ್ನೆಯೂ ಇಲ್ಲ, ಭಾಗಿಸುವ ಗೆರೆಯೂ ಇಲ್ಲ. ಯಾವುದನ್ನು ಯಾವುದರಿಂದ ಭಾಗಿಸಬೇಕು? ಪರೀಕ್ಷೆಗೆ ಹತ್ತು ದಿನ ಉಳಿದಿತ್ತು.

ಬ್ರೌಸರಿನಲ್ಲಿ ಸೂತ್ರವನ್ನು ಸೂತ್ರವಾಗಿಯೇ ಬರೆಯಲು ಮ್ಯಾತ್‌ಎಂಎಲ್ ಎಂಬ ಭಾಷೆ 1998ರಿಂದಲೂ ಇದೆ. ಫೈರ್‌ಫಾಕ್ಸ್ ಅದನ್ನು ಬಹಳ ಹಿಂದೆಯೇ ಅಳವಡಿಸಿಕೊಂಡಿತ್ತು, ಕ್ರೋಮ್‌ನಲ್ಲಿ ಅದು ನೆಲೆಯೂರಿದ್ದು 2023ರಲ್ಲಿ. ಇದನ್ನೆಲ್ಲ ಓದಿಕೊಂಡು ಅಧ್ಯಾಪಕರ ಬಳಿ ಹೋದೆ. "ನಿಮಗೆ ಇಷ್ಟು ಕಷ್ಟವಾಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ" ಎಂದರು. ಅವರ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಮೂಲ ಕಡತ ಮೊದಲಿನಿಂದಲೂ ಇತ್ತು! ಮರುದಿನವೇ ಅದನ್ನು ಮ್ಯಾತ್‌ಎಂಎಲ್ ಇರುವ ವೆಬ್ ಪುಟವಾಗಿ ಬದಲಿಸಿ ಕಳುಹಿಸಿದರು.

(ಪರದೆಯಲ್ಲಿ: ಮಾನಕ ವಿಚಲನೆಯ ಸೂತ್ರ. ಕೀಲಿಮಣೆಯ ಬಾಣದ ಗುರುತಿನ ಮೇಲೆ ಒಂದು ಬೆರಳು.)

ಆ ರಾತ್ರಿ ಮಾಡಿದ್ದನ್ನೇ ಈಗ ಮತ್ತೆ ಮಾಡುತ್ತಿದ್ದೇನೆ. ಕೆಳಬಾಣ ಒತ್ತಿ ವರ್ಗಮೂಲದೊಳಕ್ಕೆ ಇಳಿದೆ. ಇನ್ನೊಮ್ಮೆ ಒತ್ತಿದರೆ ಭಿನ್ನರಾಶಿಯ ಅಂಶ. ಇನ್ನು ಬಲಬಾಣ. ಕೇಳಿ.

(ಸ್ಕ್ರೀನ್ ರೀಡರ್ ಧ್ವನಿ: "ಛೇದ. ಎನ್ ಮೈನಸ್ ಒಂದು.")